ಜರಂದದಲ್ಲಿ ‘ಬರ್ತೇನೆ’ ಎನ್ನಬಾರದು

ಮಂಜಿಯ ಮೇಲೆ

ಜರಂದ ಸಂಸ್ಥಾನವನ್ನು ಅಟ್ಲಾಸಿನಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ನಾನು ಹುಡುಕಿ ಆಗಿದೆ. ನಮ್ಮ ಶಾಲೆಯ ಅಟ್ಲಾಸಿನಲ್ಲಿ ಅರಬ್ಬಿ ಸಮುದ್ರದ ಆ ಭಾಗವನ್ನು ಹುಳ ತಿಂದಿತ್ತು. ಹೆಡ್‌ಮಾಸ್ಟರರು ಅಂಥ ದೇಶವೇ ಇಲ್ಲ ಎಂದರು. ಪಕ್ಕದ ಮನೆಯ ಗಿರಿಜಕ್ಕನಿಗಂತೂ ಹೆಸರೇ ಸರಿಯಾಗಿ ಕೇಳಿಸಲಿಲ್ಲ. “ಜ್ವರವಾ? ಯಾರಿಗೆ ಟೀಚರೇ? ಕಷಾಯ ಮಾಡ್ಬೇಕಾ?” ಎಂದು ಬೇಲಿ ದಾಟಿ ಬಂದೇಬಿಟ್ಟಳು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯ ಮಾತು ಇದು. ನಾನು ಇನ್ನಂಜೆಯವಳು, ಶಾಲೆಯಲ್ಲಿ ಕನ್ನಡ ಕಲಿಸುವ ಸೆಲಿನ್ ಟೀಚರ್. ಮನೆಯಲ್ಲಿ ಕೊಂಕಣಿ, ಬೇಲಿಯಾಚೆ ತುಳು, ತರಗತಿಯಲ್ಲಿ ಕನ್ನಡ. ಅಂಗಳದಲ್ಲಿ ಶಂಕರಪುರ ಮಲ್ಲಿಗೆಯ ಗಿಡಗಳಿದ್ದವು. ಗಂಡ ತೀರಿಕೊಂಡ ಮೇಲೆ ನನ್ನನ್ನೂ ಮಗಳು ಫ್ಲೇವಿಯನ್ನೂ ನೆಟ್ಟಗೆ ನಿಲ್ಲಿಸಿದ್ದು ಆ ಗಿಡಗಳೇ.

ಈ ಪ್ರಯಾಣಕ್ಕೂ ಮಲ್ಲಿಗೆಯೇ ಕಾರಣ. ಕಾಪು ಪೇಟೆಯ ಹಸನಬ್ಬ ನನ್ನ ಗಂಡನ ಹಳೆಯ ಗೆಳೆಯ. ಬ್ಯಾರಿ ಮುಸ್ಲಿಮರಾದ ಅವರನ್ನು ನಾನು ಕರೆಯುವುದು ‘ಬ್ಯಾರಿಗಳೇ’ ಎಂದೇ. ಕಾರ್ಕಳದ ಕಡೆಯುವ ಕಲ್ಲು ಮತ್ತು ಮಂಗಳೂರು ಹೆಂಚುಗಳನ್ನು ಮಂಜಿಯಲ್ಲಿ, ಅಂದರೆ ಹಾಯಿಯ ದೊಡ್ಡ ದೋಣಿಯಲ್ಲಿ, ಜರಂದಕ್ಕೆ ಸಾಗಿಸಿ, ಅಲ್ಲಿಂದ ಧೂಪ ಮತ್ತು ಒಣನಿಂಬೆ ತರುವುದು ಅವರ ವ್ಯಾಪಾರ. ಒಮ್ಮೆ ಬಾಳೆ ಎಲೆಯಲ್ಲಿ ಸುತ್ತಿ ಒಂದಷ್ಟು ಮಲ್ಲಿಗೆಯನ್ನು ಅಲ್ಲಿಯ ದೊರೆಗೆ ಕೊಂಡುಹೋಗಿದ್ದರು. ಏಳು ದಿನದಲ್ಲಿ ಹೂವು ಬಾಡಿ ಕಂದಾಗಿತ್ತು. ಅದನ್ನು ಮೂಸಿಯೇ ದೊರೆ, “ಬಾಡಿದ ಮೇಲೆ ಹೀಗಿದ್ದರೆ ಅರಳಿದಾಗ ಹೇಗಿರಬೇಕು? ಗಿಡ ತನ್ನಿ, ಗಿಡದ ಭಾಷೆ ಗೊತ್ತಿರುವವರನ್ನೂ ತನ್ನಿ” ಎಂದನಂತೆ.

ಹೊರಡಲು ಮನಸ್ಸಿಗೆ ಒಂದೇ ಅಡ್ಡಿ ಇತ್ತು. ಫ್ಲೇವಿ ಚೊಚ್ಚಲ ಬಸುರಿ. ಅವಳ ಗಂಡ ದುಬೈಯಲ್ಲಿ. ಜೂನ್ ಮಧ್ಯದಲ್ಲಿ ಹೆರಿಗೆ ಎಂದು ಡಾಕ್ಟರರು ಹೇಳಿದ್ದರು.

“ಅಮ್ಮಾ, ಇನ್ನೂ ಒಂದೂವರೆ ತಿಂಗಳುಂಟು. ನೀನು ಇಲ್ಲಿ ಕೂತು ನನ್ನ ಹೊಟ್ಟೆ ನೋಡಿದ್ರೆ ಅದು ಬೇಗ ಬೆಳೆಯುತ್ತದಾ?” ಎಂದು ಅವಳೇ ನನ್ನನ್ನು ತಳ್ಳಿದಳು. “ಆದ್ರೆ ಹೆರಿಗೆ ಹೊತ್ತಿಗೆ ನೀನು ಇರ್ಬೇಕು. ನನಗೆ ಹೆದರಿಕೆ ಆಗ್ತದೆ.”

ನಾನಿರುತ್ತೇನೆ ಎಂದೆ. ನಲವತ್ತು ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಗೋಣಿಯಲ್ಲಿ ಕಟ್ಟಿಕೊಂಡು ಮಂಜಿ ಹತ್ತಿದೆ. ಕಾಪುವಿನ ದೀಪಸ್ತಂಭ ಕಣ್ಮರೆಯಾಗುವವರೆಗೆ ಧೈರ್ಯವಿತ್ತು, ಆಮೇಲೆ ವಾಂತಿ. ಗಿಡಕ್ಕೆ ಇಟ್ಟ ಸಿಹಿನೀರನ್ನು ತಂಡೇಲ, ಅಂದರೆ ಮಂಜಿಯ ನಾಯಕ, ಮುಖ ತೊಳೆಯಲು ಬಳಸಿದಾಗ ಮಾತ್ರ ನನ್ನ ಟೀಚರ್ ಗಂಟಲು ವಾಪಸು ಬಂತು. ದಡ ಸೇರುವವರೆಗೆ ಆತ ಕಡಲ ನೀರಿನಲ್ಲಿಯೇ ಮುಖ ತೊಳೆದ.

ಹೊತ್ತು ಕಳೆಯಲು ಹಸನಬ್ಬರಿಂದ ಜರಂದದ ಭಾಷೆಯ ಇಪ್ಪತ್ತು ಶಬ್ದ ಕಲಿತೆ. ಅನ್ನ, ನೀರು, ಮನೆ, ಬಾ, ಹೋಗು. ಅರೆಬರೆ ಕಲಿತವಳ ಜಂಬ ಎಂಥದ್ದೆಂದು ಮುಂದೆ ಹೇಳುತ್ತೇನೆ.

ಕೆಳಪೇಟೆ

ಜರಂದದಲ್ಲಿ ಇರುವುದು ಮೂರೇ ಊರು. ಅವುಗಳ ಹೆಸರು ನನ್ನ ನಾಲಿಗೆಗೆ ಹತ್ತದೆ, ಅರ್ಥ ಕೇಳಿ ಕನ್ನಡ ಮಾಡಿಕೊಂಡೆ. ಬಂದರಿನ ಸುತ್ತ ಕೆಳಪೇಟೆ, ಅದರಾಚೆ ಉಪ್ಪುಗದ್ದೆ, ಗುಡ್ಡದ ಮೇಲೆ ಮೇಲೂರು. ಕೆಳಪೇಟೆಯವರು ಕಡಲಿನವರು, ಉಪ್ಪುಗದ್ದೆಯವರು ಉಪ್ಪಿನವರು, ಮೇಲೂರಿನವರು ಆಡು ಸಾಕಿ ಧೂಪದ ಮರ ಕೆತ್ತುವವರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಉಪ್ಪಿನವನು ಗಾಳ ಹಾಕಿ ಒಂದು ಮೀನು ಹಿಡಿದರೂ ಅದನ್ನು ಕೆಳಪೇಟೆಗೆ ಒಯ್ದು ಕೊಟ್ಟು, ಮತ್ತೆ ಅವರಿಂದಲೇ ಕೇಳಿ ತೆಗೆದುಕೊಳ್ಳಬೇಕಂತೆ.

ಬಂದರಿನ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಬೀಸಣಿಗೆ ಮಾಡಿಕೊಂಡು ಮೂರು ಪ್ರಶ್ನೆ ಕೇಳಿದ. ಏನು ತಂದಿದ್ದಿ? ಇಲ್ಲಿ ಯಾರು ಗೊತ್ತು? ಅಡುಗೆ ಏನು ಬರುತ್ತದೆ? ಕೊನೆಯ ಪ್ರಶ್ನೆಗೆ ನಾನು ಸನ್ನದಿಂದ ಹಿಡಿದು ಪತ್ರೊಡೆಯವರೆಗೆ ಉತ್ತರ ಕೊಡುವಷ್ಟರಲ್ಲಿ ಹಿಂದೆ ನಿಂತ ಖಲಾಸಿಗಳು ಕೆಮ್ಮತೊಡಗಿದರು.

ಮೊದಲ ಮನೆಯಲ್ಲಿಯೇ ಒಂದು ಆಘಾತ ಕಾದಿತ್ತು. ಹಸನಬ್ಬ ವರ್ಷಗಟ್ಟಲೆ ಹೊತ್ತು ತಂದ ಕಾರ್ಕಳದ ಕಡೆಯುವ ಕಲ್ಲುಗಳು ಎಲ್ಲರ ಬಾಗಿಲಲ್ಲಿಯೂ ಇದ್ದವು. ಕಲ್ಲಿನ ಗುಳಿಯಲ್ಲಿ ಹಕ್ಕಿಗಳಿಗೆ ನೀರು. ಗುಂಡುಕಲ್ಲು ಬಾಗಿಲು ಬಡಿಯದಂತೆ ಅಡ್ಡ.

“ಬ್ಯಾರಿಗಳೇ, ಇದನ್ನು ಕಡೆಯಲಿಕ್ಕೆ ಅಂತ ನೀವು ಹೇಳಲಿಲ್ವಾ?”

“ಅವರು ಕೇಳಲಿಲ್ಲ, ನಾನು ಹೇಳಲಿಲ್ಲ ಟೀಚರೇ. ಹಕ್ಕಿಗಾದ್ರೂ ಉಪಕಾರ ಆಗ್ತದಲ್ಲ ಮಾರಾಯ್ರೇ.”

ನಾನು ಸೀರೆ ಎತ್ತಿ ಕಟ್ಟಿ, ಹಕ್ಕಿಗಳನ್ನು ಓಡಿಸಿ, ಕಲ್ಲು ತೊಳೆದು ತೆಂಗಿನಕಾಯಿ ಚಟ್ನಿ ಕಡೆದು ತೋರಿಸಿದೆ. ಸುತ್ತ ಸೇರಿದ ಹೆಂಗಸರು ಗುಂಡುಕಲ್ಲು ತಿರುಗುವುದನ್ನು ಕಂಡು ಚಪ್ಪಾಳೆ ಹೊಡೆದರು. ಚಟ್ನಿಯ ರುಚಿಗೆ ಅಷ್ಟು ಚಪ್ಪಾಳೆ ಬರಲಿಲ್ಲ.

ಅಲ್ಲಿಯ ಜನ ಬಹಳ ಒಳ್ಳೆಯವರು, ಆದರೆ ಹೊರಡುವ ಕ್ರಮ ಮಾತ್ರ ನನಗೆ ಹಿಡಿಸಲಿಲ್ಲ. ಹರಟಿ ನಕ್ಕು ಉಂಡವರು ಎದ್ದು ಬಾಗಿಲಿನ ದಾರಂದವನ್ನು, ಅಂದರೆ ಚೌಕಟ್ಟನ್ನು, ಒಮ್ಮೆ ಮುಟ್ಟಿ, ತುಟಿ ಎರಡು ಮಾಡದೆ ನಡೆದುಬಿಡುತ್ತಾರೆ. ಜಗಳವಾಡಿ ಎದ್ದುಹೋದ ಹಾಗೆ. ನಮ್ಮಲ್ಲಿ ಹೊರಟ ನೆಂಟರು ಅಂಗಳದಲ್ಲಿ ಅರ್ಧ ಗಂಟೆ, ಗೇಟಿನಲ್ಲಿ ಇನ್ನರ್ಧ ಗಂಟೆ ನಿಲ್ಲದಿದ್ದರೆ ಅದು ಹೊರಟದ್ದು ಹೇಗಾಗುತ್ತದೆ?

ನಾನು ನಮ್ಮ ಕ್ರಮ ಬಿಡಲಿಲ್ಲ. ಆ ಮನೆಯ ಅಜ್ಜಿಗೆ ಕೈ ಮುಗಿದು “ಆಯ್ತು ಅಜ್ಜೀ, ಬರ್ತೇನೆ” ಎಂದೆ. ಹಸನಬ್ಬ ಏನೋ ಚುಟುಕಾಗಿ ಹೇಳಿದರು. ನನ್ನ ಇಪ್ಪತ್ತು ಶಬ್ದಗಳಲ್ಲಿ ಅದೂ ಒಂದು. ‘ಹೋಗುತ್ತಾಳೆ.’

“ನಾನು ಹೋಗ್ತೇನೆ ಅಂದೆನಾ ಬ್ಯಾರಿಗಳೇ? ಅಪಶಕುನದ ಮಾತು! ಬರ್ತೇನೆ ಅಂದದ್ದು.”

“ಇಲ್ಲಿ ಹಾಗೆ ಹೇಳುವ ಕ್ರಮ ಇಲ್ಲ ಟೀಚರೇ. ಒಂದು ವಿಷಯ ಉಂಟು, ಕೇಳಿ—”

“ಇಪ್ಪತ್ತೆರಡು ವರ್ಷ ವ್ಯಾಕರಣ ಕಲಿಸಿದವಳು ನಾನು. ಮೊದಲು ನಾನು ಹೇಳಿದ್ದನ್ನು ಹೇಳಿದ ಹಾಗೆ ಹೇಳಿ.”

ಅವರು ಆಕಾಶ ನೋಡಿ, ಹೇಳಿದರು. ಅಜ್ಜಿಯ ಕಣ್ಣು ಅಗಲವಾಯಿತು. ನನ್ನ ಗಲ್ಲ ಹಿಡಿದು ಮುದ್ದಿಸಿ, ಬಾಗಿಲ ಪಕ್ಕ ನೇತಾಡುತ್ತಿದ್ದ ಹಗ್ಗಕ್ಕೆ ಒಂದು ಗಂಟು ಹಾಕಿದಳು. ನೋಡಿ, ಒಂದು ಒಳ್ಳೆಯ ಮಾತಿಗೆ ಎಷ್ಟು ಮರ್ಯಾದೆ ಎಂದು ನಾನು ಹಸನಬ್ಬರ ಕಡೆ ಹುಬ್ಬು ಹಾರಿಸಿದೆ. ಮರುದಿನದಿಂದ ನನಗೆ ದುಭಾಷಿಯೇ ಬೇಡವಾಯಿತು. ಹೋದ ಹೋದ ಮನೆಯಲ್ಲಿ ಜರಂದದ ಭಾಷೆಯಲ್ಲಿಯೇ ‘ಬರುತ್ತೇನೆ’ ಎಂದೆ. ಎಲ್ಲರೂ ಗಂಟು ಹಾಕಿದರು.

ಎರಡು ಬಾಗಿಲಿನ ಅರಮನೆ

ಅರಮನೆ ಎಂದರೆ ನಮ್ಮ ಕಡೆಯ ಹಳೆಯ ಜಮೀನ್ದಾರರ ಒಂದು ಗುತ್ತಿನ ಮನೆಯಷ್ಟು ದೊಡ್ಡದು. ಮಾಡಿನ ಮೇಲೆ ಕಬ್ಬಿಣದ ಮೀನೊಂದು ಗಾಳಿ ಬಂದ ದಿಕ್ಕಿಗೆ ಮೂತಿ ತಿರುಗಿಸುತ್ತ ಕೂತಿರುತ್ತದೆ. ರಾಜ್ಯಭಾರ ನಡೆಯುವುದು ಈ ಮೀನಿನ ಪ್ರಕಾರ. ಮೂಡು ಗಾಳಿ ಬೀಸುವಷ್ಟು ಕಾಲ ತಮ್ಮ ದೊರೆ. ಆಗ ಕಡಲು ತೆರೆದಿರುತ್ತದೆ, ವ್ಯಾಪಾರ ಅವನದು. ಪಡು ಗಾಳಿ ಎದ್ದು ಕಡಲು ಮುಚ್ಚಿತೆಂದರೆ ಅಕ್ಕ ರಾಣಿ. ಮದುವೆ, ಜಗಳ, ನ್ಯಾಯ ಎಲ್ಲ ಅವಳದು. ತಮ್ಮ ಮೂಡು ಬಾಗಿಲಿನವನು, ಅಕ್ಕ ಪಡು ಬಾಗಿಲಿನವಳು. ಒಬ್ಬರ ಕಾಲದಲ್ಲಿ ಇನ್ನೊಬ್ಬರ ಬಾಗಿಲು ತೆರೆಯುವಂತಿಲ್ಲ. ಮೀನು ತಿರುಗಿದ ಬೆಳಿಗ್ಗೆ ಮುದ್ರೆಯುಂಗುರವನ್ನು ಹೊಸಿಲ ಮೇಲಿಟ್ಟು, ಇಳಿದವರು ಮೇಲೂರಿಗೆ ಹೋಗಿ ಆಡು ಕಾಯುತ್ತಾರೆ. ಕುರ್ಚಿಯಿಂದ ಇಳಿಯಲು ಯಾರಿಗೂ ಬೇಸರವಿಲ್ಲ. ನಮ್ಮ ಶಾಲೆಯ ಹೆಡ್‌ಮಾಸ್ಟರರಿಗೆ ಇದನ್ನು ಹೇಳಿದಾಗ ಅವರಿಗೆ ಜರಂದ ಇಲ್ಲವೆಂಬುದು ಮತ್ತೂ ಖಾತ್ರಿಯಾಯಿತು.

ನಾನು ಹೋದಾಗ ತಮ್ಮನ ಕಾಲ. ಮೂವತ್ತೈದರ ದೊರೆ ಮೊಣಕೈವರೆಗೆ ಮಣ್ಣು ಮಾಡಿಕೊಂಡು ನನ್ನೊಡನೆ ನಲವತ್ತು ಗುಂಡಿ ತೋಡಿದ. ಪ್ರಶ್ನೆ ಕೇಳುವುದರಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳನ್ನೂ ಮೀರಿಸುವವನು. ಗಿಡಕ್ಕೆ ಮೀನಿನ ಗೊಬ್ಬರ ಹಾಕಿದರೆ ಹೂವು ಮೀನು ನಾರುತ್ತದೆಯೇ? ಗಿಡದ ಮುಂದೆ ಹಾಡಬೇಕೇ? ಹಾಡುವುದು ಬೇಡ, ಸವರುವುದು ಬೇಕು ಎಂದೆ. ಎಲೆ ಸವರಿ ಗಿಡವನ್ನು ಬೋಳು ಮಾಡಿದ ದಿನ ಅವನ ಮುಖ ಅಳುವ ಹಾಗಾಯಿತು. ಎರಡು ವಾರದಲ್ಲಿ ಚಿಗುರಿನ ತುದಿಗೆ ಮೊದಲ ಮೊಗ್ಗು ಕಂಡಾಗ ಇಡೀ ಕೆಳಪೇಟೆಯನ್ನು ಕರೆಸಿ ತೋರಿಸಿದ.

ಅಂದು ಮೂಡು ಬಾಗಿಲಲ್ಲಿ ನಿಂತು ದೊರೆಗೂ ಹೇಳಿದೆ, ಬರುತ್ತೇನೆ ಎಂದು. ಅವನು ತಾನೇ ಎದ್ದು ಬಂದು ಬಾಗಿಲ ಹಗ್ಗಕ್ಕೆ ಗಂಟು ಹಾಕಿದ.

ಉಪ್ಪುಗದ್ದೆ

ಮೂರನೆಯ ವಾರ ಉಪ್ಪುಗದ್ದೆಯಲ್ಲಿ ಕಳೆಯಿತು. ನಾಲ್ಕು ಮನೆಗಳಲ್ಲಿ ಚಟ್ನಿಯ ಪಾಠ ನಡೆಯಿತು, ನಾಲ್ಕು ಗಂಟು ಬಿತ್ತು. ಕೆಳಪೇಟೆಗೆ ಮರಳಿದಾಗ ಏನೋ ಬದಲಾಗಿತ್ತು. ನಗುತ್ತಿದ್ದ ಹೆಂಗಸರು ನನ್ನನ್ನು ಕಂಡು ಮುಖ ತಿರುಗಿಸಿದರು. ಮೊದಲ ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅದೇ ಹೊತ್ತಿಗೆ ಹಸನಬ್ಬ ಏದುಸಿರು ಬಿಡುತ್ತ ಬಂದರು. “ಟೀಚರೇ, ಎಂತ ಮಾಡಿದ್ದೀರಿ ನೀವು! ಎಷ್ಟು ಮನೆಯಲ್ಲಿ ಹೇಳಿದ್ದೀರಿ?”

“ಎಂತ ಹೇಳಿದ್ದು?”

“ಬರ್ತೇನೆ ಅಂತ!”

ಆಗ ಕೂತು ಕೇಳಿದೆ, ಮೊದಲ ದಿನ ಕೇಳಬೇಕಾಗಿದ್ದ ವಿಷಯವನ್ನು. ಜರಂದದಲ್ಲಿ ಬಾಗಿಲಲ್ಲಿ ನಿಂತು ‘ಬರುತ್ತೇನೆ’ ಎಂದರೆ ಅದು ಕೊಟ್ಟ ಮಾತು. ಆ ದಿನದಿಂದ ಆ ಮನೆಯಲ್ಲಿ ದಿನವೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಹೇಳಿದವರು ಬಂದು ಉಂಡ ಮೇಲೆಯೇ ಗಂಟು ಬಿಚ್ಚುವುದು. ಅದಕ್ಕೇ ಯಾರೂ ಹಗುರವಾಗಿ ಹೇಳುವುದಿಲ್ಲ, ದಾರಂದ ಮುಟ್ಟಿ ಸುಮ್ಮನೆ ನಡೆಯುತ್ತಾರೆ. ಗಂಟು ಉಳಿಸಿಕೊಂಡವರನ್ನು ಬಂದರಿನವನು ದೋಣಿ ಹತ್ತಲು ಬಿಡುವುದಿಲ್ಲ. ಅಜ್ಜಿ ಇಪ್ಪತ್ತು ದಿನದಿಂದ ನನ್ನ ತಟ್ಟೆ ಇಟ್ಟು ಕಾದಿದ್ದಳು.

“ಇದನ್ನು ಮೊದಲೇ ಹೇಳ್ಬಾರದಾ ಬ್ಯಾರಿಗಳೇ?”

“ನೀವು ಹೇಳಲಿಕ್ಕೆ ಬಿಟ್ಟರೆ ಅಲ್ವಾ? ಒಂದು ಮನೆಯಲ್ಲಿ ಹೇಳಿದ್ರಿ, ಒಂದು ದಿನ ಉಂಡು ಬಂದ್ರೆ ಆಯ್ತು ಅಂತ ನಾನು ಗ್ರಹಿಸಿದ್ದು. ಊರಿಡೀ ಹೇಳ್ತೀರಿ ಅಂತ ನನಗೆ ಕನಸು ಬೀಳ್ತದಾ?”

ನಾನು ಬಾಯಿ ಮುಚ್ಚಿಕೊಂಡೆ. ಅಂಥ ಸಂದರ್ಭ ನನ್ನ ಬಾಳಿನಲ್ಲಿ ಕಡಿಮೆ. ಲೆಕ್ಕ ಹಾಕಿದರೆ ಅರಮನೆ ಸೇರಿ ಹನ್ನೊಂದು ಬಾಗಿಲು. ಪಡು ಗಾಳಿಯ ಮೊದಲ ಎರಡು ಮೂರು ದಿನ ಮೆತ್ತಗಿರುತ್ತದೆ, ಅದರಲ್ಲಿಯೇ ಮಂಜಿ ಊರ ಕಡೆ ತೇಲಬೇಕು. ಆಮೇಲೆ ಕಡಲು ನಾಲ್ಕು ತಿಂಗಳು ಮುಚ್ಚುತ್ತದೆ. ಮೀನು ಆಗಲೇ ಮೂತಿ ಅಲ್ಲಾಡಿಸುತ್ತಿದೆ ಎಂದು ತಂಡೇಲ ಹೇಳಿ ಕಳಿಸಿದ್ದ. ನಾಲ್ಕು ತಿಂಗಳು ಕಳೆದು ನಾನು ಮನೆ ಸೇರಿದರೆ ಫ್ಲೇವಿಯ ಮಗು ಮಗುಚಿ ಬೀಳುತ್ತಿರುತ್ತದೆ. ಹೆದರಿಕೆ ಆಗುತ್ತದೆ ಎಂದಿದ್ದಳು ಮಗಳು. ನನಗೆ ಅಲ್ಲಿಯೇ ಕಣ್ಣೀರು ಬಂತು.

ಹತ್ತು ಊಟ

ಜರಂದದಲ್ಲಿ ಇನ್ನೊಂದು ಕಟ್ಟಳೆ ಉಂಟು. ಒಂದು ದಿನಕ್ಕೆ ಇಡೀ ಸಂಸ್ಥಾನದಲ್ಲಿ ಒಂದೇ ಅಡುಗೆ. ಹತ್ತು ಮನೆಯ ಗಂಟು ಬಿಚ್ಚಿಸಲು ನನಗೆ ಉಳಿದಿದ್ದ ಎರಡು ದಿನಗಳ ಸರದಿ ಒಣನಿಂಬೆ ಹಾಕಿ ಬೇಯಿಸಿದ ಮೀನಿನ ಅನ್ನ. ಮೊದಲ ತಟ್ಟೆ ಅಜ್ಜಿಯ ಮನೆಯಲ್ಲಿ ಉಂಡೆ. ಅವಳು ನನ್ನ ಬೆನ್ನು ಸವರಿ, ಗಂಟು ಬಿಚ್ಚಿ, ಮತ್ತೊಂದು ಸೌಟು ಬಡಿಸಿದಳು. ಆ ಊಟದಷ್ಟು ರುಚಿ ನಾನು ಎಲ್ಲಿಯೂ ಉಂಡಿಲ್ಲ. ಐದನೆಯ ತಟ್ಟೆಯ ಬಗ್ಗೆ ಹಾಗೆ ಹೇಳಲಾರೆ. ಏಳನೆಯ ಮನೆಯಲ್ಲಿ ಮೀನು ನನ್ನನ್ನೇ ನೋಡುತ್ತಿರುವಂತೆ ಕಂಡಿತು. ಉಪ್ಪುಗದ್ದೆಯ ಕೊನೆಯ ಮನೆಗೆ ಹಸನಬ್ಬ ನನ್ನನ್ನು ಕತ್ತೆಯ ಮೇಲೆ ಕೂರಿಸಿ ಕರೆದೊಯ್ದರು. ಹತ್ತನೆಯ ಗಂಟು ಬಿಚ್ಚಿದಾಗ ಆ ಮನೆಯವರು ಬಡಿಸಲು ಮತ್ತೆ ಸೌಟೆತ್ತಿದರು. ನಾನು ಅವರ ಕೈ ಹಿಡಿದು, ಬಾಯಿ ತೆರೆಯದೆ ದಾರಂದ ಮುಟ್ಟಿ ಓಡಿದೆ.

ಹನ್ನೊಂದನೆಯದು ಅರಮನೆ. ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಮೂಡು ಬಾಗಿಲಿಗೆ ಅಗುಳಿ ಬಿದ್ದಿತ್ತು. ಮಾಡಿನ ಮೇಲಿನ ಮೀನು ಪಡುವಣಕ್ಕೆ ಮೂತಿ ಮಾಡಿ ಅಲುಗದೆ ನಿಂತಿತ್ತು. ದೊರೆ ಉಂಗುರ ಇಟ್ಟು ಮೇಲೂರಿಗೆ ಹೋಗಿ ಆಗಿತ್ತು. ನನ್ನ ಗಂಟು ಮುಚ್ಚಿದ ಬಾಗಿಲ ಒಳಗೆ.

ಪಡು ಬಾಗಿಲು

ರಾಣಿ ಅರುವತ್ತು ದಾಟಿದ ಹೆಂಗಸು. ಸಿಂಹಾಸನ ಎಂಬುದೊಂದಿತ್ತು, ಅದರ ಮೇಲೆ ಒಣಮೀನಿನ ಬುಟ್ಟಿ ಇತ್ತು. ಅವಳು ಕೆಳಗೆ ಚಾಪೆಯ ಮೇಲೆ ಕೂತು ಮೀನಿನ ತಲೆ ಮುರಿಯುತ್ತ ನ್ಯಾಯ ಕೇಳುತ್ತಿದ್ದಳು. ಹಸನಬ್ಬ ನನ್ನ ಪಕ್ಕ ನಿಂತರು. “ಹೇಳಿದ್ದನ್ನು ಹೇಳಿದ ಹಾಗೆ ಹೇಳಿ” ಎಂದು ನಾನು ಈ ಸಲ ಬೇಡಿಕೊಂಡೆ.

“ಹೋಗುವವಳು ಬರುತ್ತೇನೆ ಎಂದದ್ದು ಏಕೆ? ಸುಳ್ಳೋ, ಮರೆವೋ?” ರಾಣಿ ಕೇಳಿದಳು.

“ಎರಡೂ ಅಲ್ಲ ತಾಯೀ. ನಮ್ಮ ಊರಿನಲ್ಲಿ ಯಾರೂ ಹೋಗ್ತೇನೆ ಅಂತ ಹೇಳಿ ಹೋಗುವುದಿಲ್ಲ. ಕನ್ನಡದಲ್ಲಿ ಬರ್ತೇನೆ, ನಮ್ಮ ಕೊಂಕಣಿಯಲ್ಲಿ ಯೆತಾಂ, ತುಳುವಿನವರಿಗೂ ಅದೇ ಕ್ರಮ.”

“ನಮ್ಮ ಬ್ಯಾರಿಗಳಲ್ಲಿಯೂ ಹಾಗೆಯೇ” ಎಂದು ಹಸನಬ್ಬ ತಮ್ಮದನ್ನೂ ಸೇರಿಸಿದರು.

“ಹಾಲಿನ ಅಂಗಡಿಗೆ ಹೋಗುವಾಗಲೂ?” ರಾಣಿ ಮತ್ತೆ ಕೇಳಿದಳು.

“ಹೌದು.”

“ಮತ್ತೆ ಎಂದೂ ಕಾಣಲಾಗದವರಿಗೂ?”

ನಾನು ಯೋಚಿಸಿ ಉತ್ತರ ಕೊಡಲಿಲ್ಲ. ಅದು ತಾನಾಗಿ ಬಂತು. “ನನ್ನ ಗಂಡನನ್ನು ಮಣ್ಣು ಮಾಡಿದ ದಿನ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹೊರಟರು. ನಾನೂ ಹೊರಟೆ. ಹೊರಡುವಾಗ ಬಾಯಿಗೆ ಬಂದದ್ದು ಅದೇ ಮಾತು. ಯೆತಾಂ ಅಂದೆ.”

ಅಂದು ಸ್ಮಶಾನದ ಗೇಟಿನಲ್ಲಿ ನಿಂತು ನನ್ನನ್ನು ಮನೆಗೆ ಕರೆತಂದವರು ಹಸನಬ್ಬರೇ. ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು, ಆಮೇಲೆ ನಿಧಾನವಾಗಿ, ಒಂದು ಶಬ್ದವೂ ಬಿಡದೆ ಹೇಳಿದರು. ರಾಣಿಯ ಕೈ ಮೀನಿನ ಬುಟ್ಟಿಯಲ್ಲಿಯೇ ನಿಂತಿತು.

“ಹೇಳಿದ ಮೇಲೆ ಹೋದೆಯಾ?”

“ಪ್ರತಿ ಆದಿತ್ಯವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಮಲ್ಲಿಗೆ ಹಿಡಿದು ಹೋಗ್ತೇನೆ. ಬರುವಾಗ ಮತ್ತೆ ಅದನ್ನೇ ಹೇಳ್ತೇನೆ.”

ಊರಿಗೆ ಏಕಿಷ್ಟು ಅವಸರ ಎಂದು ಹಸನಬ್ಬ ತಿಳಿಸಿದ ಮೇಲೆ ರಾಣಿ ಮಗಳ ವಿಷಯ ಕೇಳಿದಳು, ದಿನ ತುಂಬಿದೆಯೇ, ಚೊಚ್ಚಲೇ, ಬೆನ್ನು ನೋವುಂಟೇ ಎಂದೆಲ್ಲ, ನಮ್ಮ ಗಿರಿಜಕ್ಕ ಕೇಳುವಂತೆಯೇ. ಕೊನೆಗೆ ತೀರ್ಪು ಹೇಳಿದಳು.

“ನಮ್ಮ ಹಗ್ಗಕ್ಕೆ ಕೊಟ್ಟ ಮಾತನ್ನು ಕಟ್ಟಲು ಬರುತ್ತದೆ. ಈಕೆ ಹೇಳಿದ್ದು ಆಸೆ. ಅದನ್ನು ಕಟ್ಟುವ ಹಗ್ಗ ನಮ್ಮಲ್ಲಿಲ್ಲ. ತಮ್ಮನ ಬಾಗಿಲು ನಾನು ತೆರೆಯುವಂತಿಲ್ಲ, ಗಂಟು ಅಲ್ಲಿಯೇ ಇರಲಿ. ಇವಳನ್ನು ದೋಣಿ ಹತ್ತಿಸಿ.”

ನನಗೆ ಆ ಚಾಪೆಯ ಮೇಲೆಯೇ ಅವಳನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು, ತಬ್ಬಿಕೊಂಡೆ ಕೂಡ. ಸೀರೆಗೆ ಹತ್ತಿದ ಒಣಮೀನಿನ ವಾಸನೆ ಮಂಗಳೂರಿನವರೆಗೆ ಬಂತು. ಹೊರಡುವಾಗ ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡು ದಾರಂದ ಮುಟ್ಟಿದೆ. ನೀರು ಕುಡಿಯದೆ ಮಾತ್ರೆ ನುಂಗಿದ ಹಾಗಾಯಿತು.

ಇನ್ನಂಜೆ, ಮಣಿಪಾಲ

ಗಾಳಿ ಬೆನ್ನ ಹಿಂದೆ ಇತ್ತು. ಆರನೆಯ ದಿನಕ್ಕೆ ಮಂಗಳೂರಿನ ಬಂದರು, ಅಲ್ಲಿಂದ ಬಸ್ಸು. ಜೂನ್ ಮೊದಲ ವಾರದ ಮಳೆ ಜಡಿಯುತ್ತಿತ್ತು. ಮನೆಗೆ ಬೀಗ. ಗಿರಿಜಕ್ಕ ಮಳೆಗೆ ಓಲೆಯ ಗೊರಬು ಹೊದ್ದು ಬೇಲಿಯ ಹತ್ತಿರ ಓಡಿಬಂದಳು.

“ಈಗ ಬಂದದ್ದಾ ಟೀಚರೇ! ಫ್ಲೇವಿಗೆ ಬೆಳಿಗ್ಗೆಯೇ ನೋವು ಶುರುವಾಯ್ತು. ನಮ್ಮವರು ಟ್ಯಾಕ್ಸಿ ಮಾಡಿ ಮಣಿಪಾಲಕ್ಕೆ ಕರ್ಕೊಂಡು ಹೋದ್ರು. ಚೀಲ ಇಲ್ಲಿ ಬಿಸಾಡಿ, ನೀವು ಓಡಿ!”

ಉಡುಪಿಯವರೆಗೆ ಒಂದು ಬಸ್ಸು, ಮಣಿಪಾಲದ ಗುಡ್ಡೆ ಹತ್ತಲು ಇನ್ನೊಂದು. ಆಸ್ಪತ್ರೆಯ ಉದ್ದ ಓಣಿಯಲ್ಲಿ ಒದ್ದೆ ಚಪ್ಪಲಿ ಜಾರುತ್ತ ಓಡಿದೆ. ಹೆರಿಗೆ ಕೋಣೆಯ ಬಾಗಿಲ ಹತ್ತಿರ ತಳ್ಳುಗಾಡಿ ನಿಂತಿತ್ತು. ಅದರ ಮೇಲೆ ಫ್ಲೇವಿ, ಮುಖವೆಲ್ಲ ಬೆವರು.

“ಅಮ್ಮಾ! ಎಂಥ ಮೀನಿನ ವಾಸನೆ ನಿನ್ನದು!” ಎಂದಳು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.

ನರ್ಸ್ ಬಂದು, “ಅಮ್ಮ ಇಲ್ಲಿಯೇ ಇರ್ಲಿ, ಸಾಕು” ಎಂದು ಗಾಡಿಯನ್ನು ತಳ್ಳಿದಳು. ಕೈ ಜಾರಿತು. ಬಾಗಿಲ ಹೊಸಿಲು ದಾಟುವಾಗ ಮಗಳು ಕತ್ತು ಹೊರಳಿಸಿ, ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಹಾಗೆಯೇ ಹೇಳಿದಳು.

“ಯೆತಾಂ, ಅಮ್ಮಾ.”

ಬಾಗಿಲು ಮುಚ್ಚಿತು. ಅಷ್ಟು ವರ್ಷ ಕೇಳಿದ್ದ ಮಾತನ್ನು ಅಂದು ನಾನು ಮೊದಲ ಸಲ ಕೇಳಿದೆ. ಸೆರಗಿನ ತುದಿಯನ್ನು ಹಿಡಿದು ಗಟ್ಟಿಯಾಗಿ ಒಂದು ಗಂಟು ಹಾಕಿ, ಬೆಂಚಿನ ಮೇಲೆ ಕೂತು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಜಪಮಾಲೆ ಚೀಲದಲ್ಲಿ ಉಳಿದಿತ್ತು. ಪ್ರಾರ್ಥನೆಯ ಒಂದು ಸಾಲೂ ನೆನಪಿಗೆ ಬರಲಿಲ್ಲ. ಆಡಿದ್ದೀಯಲ್ಲ ಮಗಳೇ, ಆಡಿದ ಹಾಗೆ ಬಾ, ಎಂದಷ್ಟೇ ಹೇಳಿಕೊಳ್ಳುತ್ತಿದ್ದೆ.

ನಾಲ್ಕು ಗಂಟೆಯ ಹೊತ್ತಿಗೆ ಬಾಗಿಲು ತೆರೆಯಿತು. ಹೇಳಿದ ಹಾಗೆ ಬಂದಳು. ಜೊತೆಗೆ ಇನ್ನೊಬ್ಬಳನ್ನೂ ಕರೆದುಕೊಂಡು ಬಂದಳು.